ತೆಗೆಯಲು ಒಪ್ಪಿಗೆ ಇತ್ತು, ಮಾರಲು ಇರಲಿಲ್ಲ: ಕಿನ್ನಾಳದ ಒಂದು ವಿಡಿಯೊ ಕೋರ್ಸಿನ ಪ್ರಕರಣ

ಕೊಪ್ಪಳದ ಇಬ್ಬರು ಸೇರಿ, ಅದೇ ಜಿಲ್ಲೆಯ ಕಿನ್ನಾಳ ಊರಿನ ಮರದ ಬೊಂಬೆ ಮಾಡುವುದನ್ನು ಕಲಿಸುವ ವಿಡಿಯೊ ಕೋರ್ಸು ಮಾಡಿದರು. ಒಬ್ಬರದು ಮದುವೆ, ಸೀಮಂತಗಳ ವಿಡಿಯೊ ತೆಗೆಯುವ ಸ್ಟುಡಿಯೊ. ಇನ್ನೊಬ್ಬರು ನಿವೃತ್ತ ಚಿತ್ರಕಲಾ ಮೇಷ್ಟ್ರು. ಒಟ್ಟು 16 ಪಾಠ, ಐದೂವರೆ ತಾಸು, ಬೆಲೆ 1,499 ರೂಪಾಯಿ. ಮೊಬೈಲ್ ಆ್ಯಪ್ ಒಂದರಲ್ಲಿ ಮಾರಾಟಕ್ಕಿಟ್ಟರು, ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಐದನೆಯ ತಿಂಗಳು 4 ಮತ್ತು 9ನೇ ಪಾಠ ಆ್ಯಪಿನಿಂದ ಇಳಿದುಹೋದವು. ಅದರ ಬೆನ್ನಿಗೇ, ಪಾಠ ಹೇಳಿಕೊಟ್ಟ ಹಿರಿಯ ಕಲಾವಿದರ ಮಗ ಸ್ಟುಡಿಯೊಗೆ ಬಂದು ಎಷ್ಟು ಮಾರಾಟವಾಯಿತು ಅಂತ ಲೆಕ್ಕ ಕೇಳಿದರು.

ಜನರ ಗುರುತು ಹೇಳುವ ವಿವರ ಇಲ್ಲಿಲ್ಲ. ಇಂಥ ಕೆಲಸದಲ್ಲಿ ಪದೇಪದೇ ಬರುವ ತೊಡಕುಗಳನ್ನು ಒಂದೇ ಪ್ರಕರಣದೊಳಗೆ ತಂದಿದ್ದೇವೆ. ಕಾನೂನು, ಕಲಂ, ಕಸುಬು ಇದ್ದದ್ದು ಇದ್ದ ಹಾಗೇ ಇವೆ.

ಚಿತ್ರೀಕರಣಕ್ಕೆ ಮೊದಲು ಇವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಕಲಾವಿದರಿಗೆ 20,000 ರೂಪಾಯಿ ನಗದು ಕೊಟ್ಟಿದ್ದರು. "ಆಯ್ತ್ರೀ ಸರ್, ಬರ್ರಿ, ತಗೊಳ್ರಿ" ಎಂಬ ವಾಟ್ಸ್ಆ್ಯಪ್ ಧ್ವನಿಮುದ್ರಿಕೆ ಒಂದಿತ್ತು. ಮೇಷ್ಟ್ರು ಅದನ್ನೇ ಒಪ್ಪಿಗೆ ಅಂದುಕೊಂಡಿದ್ದರು. ಮಾತು ಬೆಳೆದ ದಿನ ಹಿರಿಯರು ಹೇಳಿದ್ದು ಇಷ್ಟೇ: "ವಿಡಿಯೊ ತಗೊಳ್ಳಾಕ ಹೂಂ ಅಂದೇನ್ರೀ, ಮಾರಾಕ ಅಂದಿಲ್ಲ." ಅವರು ಕಾನೂನು ಓದಿದವರಲ್ಲ, ಆದರೆ ಹಕ್ಕುಸ್ವಾಮ್ಯ ಕಾಯ್ದೆ ಎಳೆಯುವ ಗೆರೆಯೂ ಹೆಚ್ಚುಕಡಿಮೆ ಅಲ್ಲೇ ಇದೆ.

ಕಲಿಸುವವರ ಹಕ್ಕು

ವಿಡಿಯೊ ತೆಗೆದವನದೇ ವಿಡಿಯೊ ಎಂಬ ನಂಬಿಕೆ ಅರ್ಧ ಸರಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇಂಥ ವಿಡಿಯೊ 'ಸಿನಿಮಾಟೊಗ್ರಾಫ್ ಚಿತ್ರ'ದ ವರ್ಗಕ್ಕೆ ಬರುತ್ತದೆ. ಅದರ ಕರ್ತೃ ನಿರ್ಮಾಪಕ, ಅಂದರೆ ಮುಂದಾಗಿ ಹೊಣೆ ಹೊತ್ತು ಮಾಡಿಸಿದವರು. ಆದರೆ ಚಿತ್ರದ ಒಳಗಿರುವ ಒಂದೊಂದಕ್ಕೂ ಬೇರೆ ಬೇರೆ ಒಡೆಯರಿರುತ್ತಾರೆ. ಇಲ್ಲಿ ಮೊದಲನೆಯವರು ಕಲಿಸಿದ ಕಲಾವಿದರು.

ಕಲಂ 2(ಕ್ಯೂಕ್ಯೂ) ಪ್ರಕಾರ 'ಪ್ರದರ್ಶಕ' ಅಂದರೆ ನಟ, ಗಾಯಕ, ನರ್ತಕ ಮಾತ್ರವಲ್ಲ. ಜಾದೂಗಾರ, ಹಾವಾಡಿಗನ ಜೊತೆಗೆ ಉಪನ್ಯಾಸ ಕೊಡುವವರೂ ಆ ಪಟ್ಟಿಯಲ್ಲಿದ್ದಾರೆ. ಕೊನೆಗೆ 'ಪ್ರದರ್ಶನ ನೀಡುವ ಇತರ ಯಾರೇ ಆಗಲಿ' ಎಂಬ ಮಾತೂ ಇದೆ. ಉಳಿ ಹಿಡಿದು, ಹೇಗೆ ಕೆತ್ತಬೇಕು ಅಂತ ಮಾತಾಡುತ್ತ ತೋರಿಸುವವರನ್ನು ಈ ಪಟ್ಟಿಯಿಂದ ಹೊರಗಿಡುವುದು ಕಷ್ಟ. ಪ್ರದರ್ಶಕರ ಹಕ್ಕು 50 ವರ್ಷ ನಡೆಯುತ್ತದೆ (ಕಲಂ 38).

ಕಲಂ 38ಎ ಇಲ್ಲಿ ಮುಖ್ಯ. ಪ್ರದರ್ಶಕರು ಲಿಖಿತ ಕರಾರಿನ ಮೂಲಕ ತಮ್ಮ ಪ್ರದರ್ಶನವನ್ನು ಚಿತ್ರದಲ್ಲಿ ಸೇರಿಸಲು ಒಪ್ಪಿದ್ದರೆ, ಬೇರೆ ಷರತ್ತು ಬರೆದಿಲ್ಲದಿದ್ದರೆ, ನಿರ್ಮಾಪಕರು ಅದನ್ನು ಬಳಸಿಕೊಳ್ಳುವುದಕ್ಕೆ ಮುಂದೆ ಅಡ್ಡಿ ಬರುವಂತಿಲ್ಲ. ಈ ರಕ್ಷಣೆ ಸಿಗುವುದು ಲಿಖಿತ ಕರಾರು ಇದ್ದಾಗ. ಧ್ವನಿಮುದ್ರಿಕೆ ಆ ಕೆಲಸಕ್ಕೆ ಬರುವುದಿಲ್ಲ. ಅದೇ ಕಲಮಿನ ಪರಂತುಕದಲ್ಲಿ, ಅಂದರೆ ಕೊನೆಗೆ ಸೇರಿಸಿದ ಷರತ್ತಿನಲ್ಲಿ, ಇನ್ನೊಂದು ಮಾತಿದೆ: ಒಪ್ಪಿಗೆ ಕೊಟ್ಟ ಮೇಲೂ ವಾಣಿಜ್ಯ ಬಳಕೆಗೆ ಪ್ರದರ್ಶಕರಿಗೆ ರಾಯಲ್ಟಿ ಸಲ್ಲಬೇಕು. 20,000 ಕೊಟ್ಟೆವು, ಮುಗಿಯಿತು ಎಂದು ಕೈತೊಳೆದುಕೊಳ್ಳಲು ಈ ಪರಂತುಕ ಬಿಡುವುದಿಲ್ಲ. 2012ರ ತಿದ್ದುಪಡಿಯಲ್ಲಿ ಬಂದ ಈ ಸಾಲನ್ನು ಹಳ್ಳಿಯ ಕಸುಬುದಾರರ ಜೊತೆ ಕೋರ್ಸು ಮಾಡುವವರು ಬಹುಮಟ್ಟಿಗೆ ಓದಿರುವುದೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಕೂತು ಬರೆದ ಕರಾರಿನಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಈ ರಾಯಲ್ಟಿಯೇ. ಸ್ಟುಡಿಯೊದವರು ಮೊದಲು ಮುಂದಿಟ್ಟದ್ದು 'ನಿವ್ವಳ ಆದಾಯದ 15%'. ಕೇಳಲು ಚೆನ್ನಾಗಿದೆ. ಬೆಲೆ 1,499ರಲ್ಲಿ 18% ಜಿಎಸ್‌ಟಿ ತೆಗೆದರೆ ಉಳಿಯುವುದು 1,270.34. ಅದರ ಮೇಲೆ ಆ್ಯಪಿನ 10% ಕಮಿಷನ್ 127.03, ಹಣ ಪಾವತಿ ಗೇಟ್‌ವೇಗೆ 1,499ರ 2% ಅಂದರೆ 29.98. ಉಳಿದ 1,113.33ರಲ್ಲಿ 15% ಅಂದರೆ 167 ರೂಪಾಯಿ. ಆದರೆ 'ನಿವ್ವಳ' ಎಂಬುದಕ್ಕೆ ಕರಾರಿನಲ್ಲಿ ವ್ಯಾಖ್ಯೆ ಇರಲಿಲ್ಲ. ಇನ್‌ಸ್ಟಾಗ್ರಾಂ ಜಾಹೀರಾತು, ಎಡಿಟರ್ ಸಂಬಳ, ಹಾರ್ಡ್‌ಡಿಸ್ಕ್ ಖರೀದಿ ಎಲ್ಲವನ್ನೂ ಅದರೊಳಗೆ ತುರುಕಿದರೆ ಆ 167 ಸೊನ್ನೆಗಿಳಿಯಲು ಬಹಳ ದಿನ ಬೇಡ. ಹಾಗಾಗಿ ಕೊನೆಗೆ ನಿಂತದ್ದು 'ಜಿಎಸ್‌ಟಿ ಬಿಟ್ಟು ಉಳಿದ ಮಾರಾಟ ಬೆಲೆಯ 12%'. ಒಂದು ಮಾರಾಟಕ್ಕೆ 152.44. ಅಂಕಿ ಸಣ್ಣದು, ಆದರೆ ಆ್ಯಪಿನ ಮಾರಾಟ ವರದಿಯ ಒಂದು ಪುಟ ಕೈಯಲ್ಲಿದ್ದರೆ ಯಾರು ಬೇಕಾದರೂ ಗುಣಿಸಿ ನೋಡಬಹುದು. ಲೆಕ್ಕಪುಸ್ತಕ ತೆಗೆಸಿ ನೋಡುವ ಶಕ್ತಿ ಇಲ್ಲದ ಕಡೆಯವರಿಗೆ ನಿವ್ವಳದ ದೊಡ್ಡ ಶೇಕಡಾವಾರಿಗಿಂತ ಒಟ್ಟು ಬೆಲೆಯ ಸಣ್ಣ ಶೇಕಡಾವಾರು ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲು ಕೊಟ್ಟ 20,000ವನ್ನು ಚಿತ್ರೀಕರಣದ ಸಂಭಾವನೆ ಎಂದೇ ಬರೆದರು, ರಾಯಲ್ಟಿಯ ಮುಂಗಡ ಎಂದಲ್ಲ. ವರದಿ ಮೂರು ತಿಂಗಳಿಗೊಮ್ಮೆ, ಹಣ ಅದಾದ 15 ದಿನದೊಳಗೆ ಬ್ಯಾಂಕ್ ಖಾತೆಗೆ. ಹಿಂದಿನ ನಾಲ್ಕು ತಿಂಗಳ ಮಾರಾಟಕ್ಕೂ ಇದೇ ದರ ಅನ್ವಯ.

ಕರಾರಿನಲ್ಲಿ ಬಿಟ್ಟ ಜಾಗ

ಕರಾರಿನಲ್ಲಿ ಏನನ್ನಾದರೂ ಬರೆಯದೆ ಬಿಟ್ಟರೆ ಆ ಜಾಗವನ್ನು ಕಾನೂನೇ ತುಂಬುತ್ತದೆ, ಸಾಮಾನ್ಯವಾಗಿ ನಿರ್ಮಾಪಕರಿಗೆ ಅನುಕೂಲವಾಗದ ಹಾಗೆ. ಕಲಂ 19 ಹಕ್ಕು ವರ್ಗಾವಣೆಗೆ ಸಂಬಂಧಿಸಿದ್ದು. ಕಲಂ 39ಎ ಅದನ್ನು ಪ್ರದರ್ಶಕರ ಹಕ್ಕಿಗೂ ಅನ್ವಯಿಸುತ್ತದೆ. ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂಬುದನ್ನು ಬಿಡಿಸಿ ಹೇಳಬೇಕು. ಕಾಲ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಇಟ್ಟರೆ, ಬೇರೆ ರೀತಿ ಬರೆದಿಲ್ಲದಿದ್ದರೆ, ಅದು ತಾನಾಗಿ ಬಿದ್ದುಹೋಗುತ್ತದೆ.

ಇಂಥ ಕೋರ್ಸುಗಳಲ್ಲಿ ಜನ ಎಡವುವುದು ಪ್ರದೇಶದ ಸಾಲಿನಲ್ಲಿ. ಇವರ ಕೋರ್ಸನ್ನು ಕೊಂಡವರಲ್ಲಿ ದುಬೈ, ನ್ಯೂಜೆರ್ಸಿಯ ಕನ್ನಡಿಗರೂ ಇದ್ದರು. ಕರಾರಿನಲ್ಲಿ 'ಪ್ರಪಂಚದಾದ್ಯಂತ' ಎಂಬ ಒಂದು ಪದ ಇರದಿದ್ದರೆ ಆ ಮಾರಾಟವೆಲ್ಲ ಕೊಟ್ಟ ಹಕ್ಕಿನ ಆಚೆಗೆ ಬೀಳುತ್ತದೆ. ಮಾಧ್ಯಮದ ಸಾಲೂ ಅಷ್ಟೇ ಮುಖ್ಯ: 'ಮೊಬೈಲ್ ಆ್ಯಪ್, ಜಾಲತಾಣ, ಪೆನ್‌ಡ್ರೈವ್, ಯೂಟ್ಯೂಬ್ ಸದಸ್ಯತ್ವ' ಎಂದು ಒಂದೊಂದನ್ನೂ ಹೆಸರಿಸಿದರು. ಕರಾರಿನ ಹೊತ್ತಿಗೆ ಬಳಕೆಯಲ್ಲಿ ಇಲ್ಲದ ಮಾಧ್ಯಮವನ್ನು ಹೆಸರಿಸದೆ ಬಿಟ್ಟರೆ ಅದು ಕರಾರಿನೊಳಗೆ ಬರುವುದಿಲ್ಲ (ಕಲಂ 18). 'ಎಲ್ಲ ಮಾಧ್ಯಮ, ಎಂದೆಂದಿಗೂ' ಎಂದು ಇಂಗ್ಲಿಷ್ ನಮೂನೆಯಿಂದ ನಕಲು ಹೊಡೆದ ಸಾಲಿನಿಂದ ಈ ತೊಡಕು ಬಿಡಿಸಲಾಗುವುದಿಲ್ಲ.

ಕರಾರನ್ನು ಕನ್ನಡದಲ್ಲೇ ಬರೆದರು, ಇ-ಸ್ಟಾಂಪ್ ಕಾಗದದ ಮೇಲೆ. ಸರಿಯಾದ ಮುದ್ರಾಂಕ ಇಲ್ಲದ ಪತ್ರವನ್ನು ಕರ್ನಾಟಕ ಮುದ್ರಾಂಕ ಕಾಯ್ದೆಯ ಕಲಂ 34ರ ಪ್ರಕಾರ ಕೋರ್ಟಿನಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕೆಂದರೆ ಕೊರತೆ ಹಣದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು.

ಎರಡು ಪಾಠಗಳಲ್ಲಿ ಬಣ್ಣ ಹಾಕಿ ತೋರಿಸಿದವರು ಕಲಾವಿದರ ಹೆಂಡತಿ. ಅವರಿಗೆ ಓದು ಬರದು. ಅವರದು ಬೇರೆಯೇ ಪತ್ರ, ಬೇರೆಯೇ ಸಂಭಾವನೆ. ಗಂಡನ ಸಹಿ ಹೆಂಡತಿಗೆ ನಡೆಯುವುದಿಲ್ಲ. ಪತ್ರದ ಕೊನೆಗೆ 'ಮೇಲ್ಕಂಡ ವಿಷಯವನ್ನು ಕನ್ನಡದಲ್ಲಿ ಓದಿ ಹೇಳಲಾಗಿ, ಕೇಳಿ ತಿಳಿದು, ಒಪ್ಪಿ ಹೆಬ್ಬೆಟ್ಟಿನ ಗುರುತು ಹಾಕಿದ್ದಾರೆ' ಎಂಬ ಷರಾ ಬರೆದು, ಓದಿ ಹೇಳಿದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಬಿಕ್ಕಲಂ (ಪತ್ರ ಬರೆದವರ) ಸಹಿ ಹಾಕಿಸಿದರು. ಸಾಕ್ಷಿಗಳಲ್ಲಿ ಒಬ್ಬರಾದರೂ ಆ ಕಡೆಯ ಮನೆಯವರಿರಬೇಕು. ಸ್ಟುಡಿಯೊದ ಹುಡುಗರಿಬ್ಬರೇ ಸಾಕ್ಷಿಗಳಾದರೆ ನಾಳೆ ಜಗಳ ಬಂದಾಗ ಆ ಸಾಕ್ಷಿಗೆ ತೂಕ ಇರುವುದಿಲ್ಲ.

9ನೇ ಪಾಠ: ಪಕ್ಕದ ಮನೆಯ ಗಣಪ

ಗರುಡ, ಕಾಮಧೇನು, ಗೌರಿ: ಇವು ಕಿನ್ನಾಳದ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮಾಡುತ್ತ ಬಂದ ರೂಪಗಳು. ಗರುಡನ ಪಾರಂಪರಿಕ ರೂಪದ ಮೇಲೆ ಯಾರಿಗೂ ಹಕ್ಕುಸ್ವಾಮ್ಯ ಇಲ್ಲ. ಆದರೆ ಇವತ್ತಿನ ಕಲಾವಿದರೊಬ್ಬರು ಸ್ವಂತ ಕಲ್ಪನೆಯಿಂದ ಮಾಡಿದ ಬೊಂಬೆ 'ಕಲಾತ್ಮಕ ಕೃತಿ' ಆಗುತ್ತದೆ. ಅದರ ಹಕ್ಕು ಅವರ ಜೀವಮಾನ ಮತ್ತು ಆ ಮೇಲೆ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯವಲ್ಲ.

9ನೇ ಪಾಠದಲ್ಲಿ ಬಣ್ಣದ ಹದ ತೋರಿಸಲು ಪಕ್ಕದ ಮನೆಯ ಕಲಾವಿದರಿಂದ ಒಂದು ಕುಣಿಯುವ ಗಣಪನನ್ನು ಎರವಲು ತಂದು ಮೇಜಿನ ಮೇಲಿಟ್ಟರು. ಎರಡು ನಿಮಿಷ ಅದರ ಕ್ಲೋಸಪ್. "ಇದರ ಸೊಂಡಿಲಿನ ತಿರುವು ನೋಡಿ, ಹೀಗೇ ಮಾಡಿ" ಎಂಬ ಮಾತೂ ಸೇರಿತು. ಬೊಂಬೆ ಕೊಟ್ಟವರಿಗೆ ಅದು ಮಾರಾಟದ ವಿಡಿಯೊಗೆ ಅಂತ ಹೇಳಿರಲಿಲ್ಲ. ಊರಿನ ಹುಡುಗನೊಬ್ಬ ಕೋರ್ಸು ಕೊಂಡು ತೋರಿಸಿದ ಮೇಲೆ ಅವರು ವಕೀಲರ ಮೂಲಕ ಆ್ಯಪಿಗೆ ದೂರು ಬರೆದರು.

'ಹಿನ್ನೆಲೆಯಲ್ಲಿ ಕಂಡರೆ ತಪ್ಪಿಲ್ಲ' ಎಂಬುದು ಸ್ಟುಡಿಯೊದವರ ವಾದ. ಕಲಂ 52(1)(ಯು) ಹಾಗೆ ಹೇಳುವುದು ನಿಜ: ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇರುವ ಕಲಾಕೃತಿಯನ್ನಾಗಲಿ, ಬರೀ ಹಿನ್ನೆಲೆಗೆ ಅಥವಾ ಆನುಷಂಗಿಕವಾಗಿ ಬಂದ ಕಲಾಕೃತಿಯನ್ನಾಗಲಿ ಚಿತ್ರದಲ್ಲಿ ಸೇರಿಸಿದರೆ ಉಲ್ಲಂಘನೆ ಅಲ್ಲ. ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತ ಇಪ್ಪತ್ತು ಬೊಂಬೆಗಳು ಹಿಂದೆ ಕಂಡರೆ ಈ ವಿನಾಯಿತಿಯೊಳಗೆ ಬರುತ್ತವೆ. ಮೇಜಿಗೆ ತಂದಿಟ್ಟು, ಬೆಳಕು ಬಿಟ್ಟು, ಅದನ್ನೇ ಪಾಠ ಮಾಡಿದ ಬೊಂಬೆ ಬರುವುದಿಲ್ಲ.

ದೂರು ಬಂದ ಮೇಲೆ ಆ್ಯಪಿನವರು ಮಾಡಿದ್ದೂ ಕಾನೂನಿನ ಪ್ರಕಾರವೇ. 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮದಂತೆ, ಸರಿಯಾದ ಲಿಖಿತ ದೂರು ಬಂದರೆ 36 ತಾಸಿನೊಳಗೆ ಕೊಂಡಿ ತೆಗೆಯಬೇಕು. ದೂರು ಕೊಟ್ಟವರು 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ಹಾಕಬಹುದು. ಸ್ಟುಡಿಯೊದವರು 21 ದಿನ ಕಾಯುವ ಲೆಕ್ಕದಲ್ಲಿದ್ದರು. ಇದು ಕೆಟ್ಟ ಲೆಕ್ಕ. ಕಾದು ಮತ್ತೆ ಹಾಕಿದ್ದರೆ ದೂರಿನ ವಿಷಯ ಗೊತ್ತಿದ್ದೂ ಮಾಡಿದ ಹಾಗಾಗುತ್ತಿತ್ತು. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ ಕಲಂ 63ರಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷದವರೆಗೆ ದಂಡ ಇದೆ.

ಪರಿಹಾರ ಕೊನೆಗೆ ಸರಳವಾಯಿತು: ಆ ಎರಡು ನಿಮಿಷ ಕತ್ತರಿಸಿ, ಪಾಠ ಹೇಳುವ ಕಲಾವಿದರದೇ ಗರುಡನನ್ನಿಟ್ಟು ಮರುಚಿತ್ರೀಕರಣ. ಪಕ್ಕದ ಮನೆಯವರಿಗೆ ಇಲ್ಲಿಯವರೆಗಿನ ಬಳಕೆಗೆ ಒಂದು ಮೊತ್ತ ಕೊಟ್ಟು ರಾಜಿಪತ್ರ ಮಾಡಿಕೊಂಡರು.

ಇದೇ ಎಳೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು, ಅದನ್ನು ಯಾರೂ ಯೋಚಿಸಿರಲಿಲ್ಲ. ಕೋರ್ಸಿನಲ್ಲಿ ಕಲಿಸುವ ಕಲಾವಿದರ ಸ್ವಂತ ವಿನ್ಯಾಸಗಳೂ ಇವೆ. ಕೊಂಡು ಕಲಿತವರು ಅದನ್ನು ಮಾಡಿ ಮಾರಬಹುದೇ? ಕರಾರಿನಲ್ಲಿ ಎರಡು ಸಾಲು ಸೇರಿಸಿದರು: ಕಲಿಯುವವರು ಸ್ವಂತಕ್ಕೆ, ಉಡುಗೊರೆಗೆ ಮಾಡಿಕೊಳ್ಳಬಹುದು, 12 ಮತ್ತು 13ನೇ ಪಾಠದ ಸ್ವಂತ ವಿನ್ಯಾಸಗಳನ್ನು ಮಾರುವಂತಿಲ್ಲ. ಅದೇ ಷರತ್ತನ್ನು ಕೋರ್ಸು ಕೊಳ್ಳುವ ಪುಟದಲ್ಲೂ, ಆ ಪಾಠಗಳ ಮೊದಲ ಪರದೆಯಲ್ಲೂ ಹಾಕಿದರು. ಕೊಳ್ಳುವ ಮೊದಲು ಕಾಣದ ಷರತ್ತಿಗೆ ಕೊಂಡವರನ್ನು ಕಟ್ಟಿಹಾಕುವುದು ಕಷ್ಟ.

4ನೇ ಪಾಠ: ಮೊಬೈಲಿನ ಹಾಡು

4ನೇ ಪಾಠ ಕಿಟ್ಟದ್ದು. ನೆನೆಸಿ ಒಣಗಿಸಿದ ಸೆಣಬನ್ನು ಪುಡಿ ಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿ, ಕೆತ್ತಿದ ಹಗುರ ಮರದ ತುಂಡುಗಳನ್ನು ಕೂಡಿಸುವ ಕೆಲಸ. ಕಲಸುವಾಗ ಮಗ್ಗುಲಲ್ಲಿ ಯಾರದೋ ಮೊಬೈಲಿನಲ್ಲಿ ಸಿನಿಮಾ ಹಾಡು ಓಡುತ್ತಿತ್ತು. ಸುಮಾರು 40 ಸೆಕೆಂಡು. ಕ್ಯಾಮರಾದ ಮೈಕೇ ದನಿ ಹಿಡಿದದ್ದರಿಂದ ಹಿರಿಯರ ಮಾತು, ಹಾಡು ಎರಡೂ ಒಂದೇ ಟ್ರ್ಯಾಕಿನಲ್ಲಿ ಕೂತುಬಿಟ್ಟವು.

30 ಸೆಕೆಂಡಿನವರೆಗೆ ಹಾಡು ಬಳಸಬಹುದು ಎಂಬ ಮಾತು ಸ್ಟುಡಿಯೊಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ನಮ್ಮ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. ಹಿನ್ನೆಲೆಯ ವಿನಾಯಿತಿ ಮೇಲೆ ಹೇಳಿದ ಕಲಾಕೃತಿಗಳಿಗೆ. ಹಾಡಿಗೆ ಅದನ್ನು ಎಳೆದು ತರಲಾಗದು. ಒಂದು ಸಿನಿಮಾ ಹಾಡಿನಲ್ಲಿ ಮೂರು ಹಕ್ಕಿವೆ: ಸಾಹಿತ್ಯ, ಸಂಗೀತ, ಧ್ವನಿಮುದ್ರಣ. ವಿಡಿಯೊ ಜೊತೆ ಕೂಡಿಸಲು ಆಡಿಯೊ ಕಂಪನಿಯ ಲೈಸೆನ್ಸ್ ಬೇಕು. ಹೋಟೆಲ್, ಸಮಾರಂಭಗಳಲ್ಲಿ ಹಾಡು ಹಾಕಲು ಪಡೆಯುವ ಲೈಸೆನ್ಸ್ ಇದಕ್ಕೆ ಆಗುವುದಿಲ್ಲ. 40 ಸೆಕೆಂಡಿನ ಗದ್ದಲಕ್ಕೆ ಆ ದಾರಿ ಹಿಡಿಯುವುದು ವ್ಯರ್ಥ. ಆ ಭಾಗದ ದನಿಯನ್ನೆಲ್ಲ ತೆಗೆದು, ಹಿರಿಯರನ್ನೇ ಕೂರಿಸಿ ಅದೇ ಮಾತನ್ನು ಮತ್ತೆ ಹೇಳಿಸಿದರು. ಬೇರೆಯವರ ದನಿ ಹಾಕುವ ಯೋಚನೆಯೂ ಇತ್ತು. ಬೇಡವೆಂದದ್ದಕ್ಕೆ ಕಾರಣ ಕಲಂ 38ಬಿ: ತನ್ನ ಪ್ರದರ್ಶನವನ್ನು ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕು, ತನ್ನ ಹೆಸರು ಹಾಕಿಸಿಕೊಳ್ಳುವ ಹಕ್ಕು ಪ್ರದರ್ಶಕರಿಗೆ ಇದೆ. ಉದ್ದ ತಗ್ಗಿಸಲು ಕತ್ತರಿಸುವುದು ತಿರುಚುವುದಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಕೈ ಅವರದು, ಬಾಯಿ ಇನ್ನೊಬ್ಬರದು, ಅದರಲ್ಲೂ ಅಂಟಿನ ಪ್ರಮಾಣ ತಪ್ಪಿ ಹೇಳಿದ್ದು ಅಂತಾದರೆ ಅದು ಬೇರೆ ಮಾತು.

ಕೋರ್ಸಿನ ಶೀರ್ಷಿಕೆ ಸಂಗೀತಕ್ಕೆ ಶರೀಫರ ತತ್ವಪದ ಹಾಕಬೇಕೆಂಬ ಆಸೆ ಮೇಷ್ಟ್ರದು. ಶರೀಫರು ತೀರಿಕೊಂಡದ್ದು 1889ರಲ್ಲಿ, ಸಾಹಿತ್ಯದ ಮೇಲೆ ಯಾರ ಹಕ್ಕೂ ಉಳಿದಿಲ್ಲ. ಆದರೆ ಅಂತರ್ಜಾಲದಲ್ಲಿ ಸಿಗುವ ಹಾಡಿಕೆಯ ಧ್ವನಿಮುದ್ರಣ ಇನ್ನೊಬ್ಬರದು. ಅದರ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷ. ಊರಿನ ಭಜನಾ ತಂಡದಿಂದ ತಮಗೆ ತಿಳಿದ ಧಾಟಿಯಲ್ಲಿ ಹಾಡಿಸಿ, ಹಾಡಿದವರೆಲ್ಲರ ಒಪ್ಪಿಗೆ ಪತ್ರ ತೆಗೆದುಕೊಂಡರು. ಹಾರ್ಮೋನಿಯಂ, ತಬಲಾ ನುಡಿಸಿದವರದೂ ಸೇರಿ. 'ಉಚಿತ ಸಂಗೀತ' ಎಂದು ಇಳಿಸಿಕೊಂಡಿದ್ದ ಇನ್ನೆರಡು ತುಣುಕುಗಳಲ್ಲಿ ಒಂದರ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ 'ಎನ್‌ಸಿ' ಎಂದಿತ್ತು, ಅಂದರೆ ವಾಣಿಜ್ಯಕ್ಕೆ ಇಲ್ಲ. ಇನ್ನೊಂದರಲ್ಲಿ 'ಎನ್‌ಡಿ' ಎಂದಿತ್ತು, ಅಂದರೆ ರೂಪಾಂತರ ಮಾಡಿ ಹಂಚುವಂತಿಲ್ಲ. ಆ ಲೈಸೆನ್ಸಿನ ಪ್ರಕಾರ ಸಂಗೀತವನ್ನು ಚಲಿಸುವ ಚಿತ್ರಕ್ಕೆ ಕೂಡಿಸುವುದೇ ರೂಪಾಂತರ, ಹಾಗಾಗಿ ಅದೂ ಹೋಯಿತು.

ಮೊಮ್ಮಗ

11ನೇ ಪಾಠದಲ್ಲಿ 13 ವರ್ಷದ ಮೊಮ್ಮಗ ಕೂತು ಕುಂಚ ಹಿಡಿದು ಅಜ್ಜನ ಜೊತೆ ಬಣ್ಣ ಹಾಕುತ್ತಾನೆ. ಇಡೀ ಕೋರ್ಸಿನಲ್ಲಿ ನೋಡುಗರಿಗೆ ಹೆಚ್ಚು ಹಿಡಿಸಿದ ಭಾಗ ಅದೇ. ಶಾಲೆ ಬಿಟ್ಟ ಮೇಲೆ ಮನೆಯ ಕಸುಬಿನಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಗು ಕೈಜೋಡಿಸಿದರೆ 1986ರ ಬಾಲಕಾರ್ಮಿಕ ಕಾಯ್ದೆ ತಡೆಯುವುದಿಲ್ಲ. ಅದೇ ಮಗುವನ್ನು ಮಾರಾಟದ ವಿಡಿಯೊದಲ್ಲಿ ಪಾತ್ರವಾಗಿ ಕೂರಿಸಿದಾಗ ನಿರ್ಮಾಪಕರ ಮೇಲೆ ಬೇರೆ ಹೊಣೆ ಬೀಳುತ್ತದೆ: ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಗಳಿಂದ ಮೊದಲೇ ಅನುಮತಿ, ನಮೂನೆ ಸಿ ಮುಚ್ಚಳಿಕೆ, ದಿನಕ್ಕೆ 5 ತಾಸು ಮೀರದ ಕೆಲಸ, 3 ತಾಸಿಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ಕೂರಿಸದಿರುವುದು, ಸಂಭಾವನೆಯ ಕನಿಷ್ಠ 20% ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ. ಕರಾರು ಕಾಯ್ದೆಯ ಕಲಂ 11ರಂತೆ ಅಪ್ರಾಪ್ತರ ಸಹಿಗೆ ಬೆಲೆ ಇಲ್ಲ, ಪೋಷಕರೇ ಹಾಕಬೇಕು.

ಚಿತ್ರೀಕರಣ ಮುಗಿದ ಮೇಲೆ ಪೂರ್ವಾನುಮತಿ ಪಡೆಯಲಾಗದು. ಹುಡುಗನ ಮುಖ, ಮಾತು ತೆಗೆದು ಅಜ್ಜನ ಕೈ ಮಾತ್ರ ಉಳಿಸಿದರು. ಪಾಠ ಸೊರಗಿತು, ನಿಜ. ಆದರೂ ಇಲ್ಲಿ ಚೌಕಾಸಿಗೆ ಜಾಗವಿರಲಿಲ್ಲ.

ಇಟಗಿಯ ಡ್ರೋನ್ ಶಾಟ್

ಕೋರ್ಸು ತೆರೆದುಕೊಳ್ಳುವುದು ಇಟಗಿಯ ಮಹಾದೇವ ದೇವಾಲಯದ ಮೇಲಿನಿಂದ ತೆಗೆದ ದೃಶ್ಯದಿಂದ. 1112ರ ಈ ಗುಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. ಪ್ರವಾಸಿಗರು ಮೊಬೈಲಿನಲ್ಲಿ ತೆಗೆದುಕೊಳ್ಳುವುದು ಬೇರೆ. ಮಾರಾಟದ ಚಿತ್ರೀಕರಣಕ್ಕೆ ಪೂರ್ವಾನುಮತಿ ಬೇಕು. ದಿನಕ್ಕೆ ಇಷ್ಟು, ಸ್ಮಾರಕಕ್ಕೆ ಇಷ್ಟು ಅಂತ ಪರವಾನಗಿ ಶುಲ್ಕ, ಅದರ ಮೇಲೆ ಠೇವಣಿ. ಡ್ರೋನಿನದು ಇನ್ನೊಂದು ತಂಟೆ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ. 250 ಗ್ರಾಂನಿಂದ 2 ಕೆ.ಜಿ.ವರೆಗಿನ ಮೈಕ್ರೊಗೆ ವಾಣಿಜ್ಯೇತರ ಬಳಕೆಯಾದರೆ ಬೇಡ, ವಾಣಿಜ್ಯಕ್ಕಾದರೆ ಬೇಕು. ಮದುವೆಗೆ ಬಾಡಿಗೆಗೆ ಸಿಗುವ ಡ್ರೋನುಗಳು ಸಾಮಾನ್ಯವಾಗಿ ಮೈಕ್ರೊ ವರ್ಗದವೇ. ಹಾರಿಸುವ ಮೊದಲು ಡ್ರೋನ್ ಹಾರಾಟದ ಸರ್ಕಾರಿ ನಕ್ಷೆಯಾದ ಡಿಜಿಟಲ್ ಸ್ಕೈಯಲ್ಲಿ ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಬೇಕು. ಹಸಿರಿನಲ್ಲೂ ಮಿತಿ 400 ಅಡಿ. ನಕ್ಷೆಯಲ್ಲಿ ಹಸಿರು ಕಂಡ ಮಾತ್ರಕ್ಕೆ ಕೆಳಗಿರುವ ಸ್ಮಾರಕದ ಅನುಮತಿ ಸಿಕ್ಕಿತು ಎಂದಲ್ಲ.

ಬೊಂಬೆ ಕೋರ್ಸಿಗೆ ಇಟಗಿಯ ಗುಡಿ ಏಕೆ ಬೇಕಿತ್ತು ಎಂಬ ಪ್ರಶ್ನೆಗೆ ಸ್ಟುಡಿಯೊದವರ ಬಳಿ 'ಚಂದ ಕಾಣ್ತದ' ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಇರಲಿಲ್ಲ. 12 ಸೆಕೆಂಡಿನ ಆ ದೃಶ್ಯ ತೆಗೆದು ಕಲಾವಿದರ ಮನೆಯಂಗಳದ್ದು ಹಾಕಿದರು. ಅಂಗಳಕ್ಕೂ ಮನೆ ಯಜಮಾನರ ಲೊಕೇಶನ್ ಒಪ್ಪಿಗೆ ಬೇಕು. ಮನೆ ಅಣ್ಣನ ಹೆಸರಿನಲ್ಲಿತ್ತು, ಸಹಿ ಅವರದಾಯಿತು.

ಕಿಟ್, ಹೆಸರು, ಜಿಐ

ಕೋರ್ಸಿನ ಜೊತೆ 'ಕಿನ್ನಾಳ ಕಿಟ್' ಎಂದು ಮರದ ತುಂಡು, ಬಣ್ಣ, ಉಳಿ ಇರುವ ಪೆಟ್ಟಿಗೆಯನ್ನೂ ಮಾರುತ್ತಿದ್ದರು. ಒಳಗಿದ್ದದ್ದು ಚನ್ನಪಟ್ಟಣದ ಕಡೆಯಿಂದ ತರಿಸಿದ ಹಾಲೆ ಮರ. ಕಿನ್ನಾಳ ಬೊಂಬೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ, ಅಂದರೆ ಆ ಹೆಸರು ಆ ಕಡೆಯ ಸರಕಿಗಷ್ಟೇ. 'ಕಿನ್ನಾಳ ಬೊಂಬೆ ಮಾಡುವ ವಿಧಾನ' ಎಂದು ಪಾಠಕ್ಕೆ ಹೆಸರಿಡುವುದರಲ್ಲಿ ತಪ್ಪಿಲ್ಲ, ಅದು ವಿಷಯದ ವಿವರಣೆ. ಬೇರೆ ಕಡೆಯ ಸರಕಿಗೆ ಆ ಊರಿನದೆಂಬ ಭ್ರಮೆ ಬರುವಂತೆ ಹೆಸರು ಹಚ್ಚುವುದು 1999ರ ಜಿಐ ಕಾಯ್ದೆಯ ಕಲಂ 22ರ ಉಲ್ಲಂಘನೆ. ಪೆಟ್ಟಿಗೆಯ ಹೆಸರು 'ಮರದ ಬೊಂಬೆ ಕಲಿಕಾ ಕಿಟ್' ಎಂದಾಯಿತು, ಜಿಐ ಲಾಂಛನ ಹೋಯಿತು. ಕಲಿತವರು ಬೆಂಗಳೂರಿನಲ್ಲಿ ಕೂತು ಮಾಡಿದ್ದನ್ನು 'ಕಿನ್ನಾಳ ಬೊಂಬೆ' ಎಂದು ಮಾರುವಂತಿಲ್ಲ ಎಂಬ ಎಚ್ಚರಿಕೆಯನ್ನು ಕೊನೆಯ ಪಾಠದಲ್ಲಿ ಸೇರಿಸಿದರು. ಬಣ್ಣದ ಡಬ್ಬಿಯ ಮೇಲಿನ ಕಂಪನಿ ಹೆಸರನ್ನು ಮಸುಕು ಮಾಡಬೇಕೇ ಎಂಬ ಗಾಬರಿಯೂ ಇತ್ತು. ಬೇಕಿಲ್ಲ. ಆ ಕಂಪನಿ ಈ ಕೋರ್ಸಿನ ಬೆನ್ನಿಗಿದೆ ಅನ್ನಿಸುವಂತೆ ತೋರಿಸದಿದ್ದರೆ ಸಾಕು.

ಜಾಹೀರಾತಿನ 'ತಿಂಗಳಿಗೆ 30,000 ಗಳಿಸಿ' ಎಂಬ ಸಾಲನ್ನೂ ತೆಗೆಯಬೇಕಾಯಿತು. ಆಧಾರವಿಲ್ಲದ ಇಂಥ ಭರವಸೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕಬಹುದು.

ಒಳಗಿನವರ ಕಾಗದ

ಹೊರಗಿನವರ ಒಪ್ಪಿಗೆ ಹುಡುಕುವ ಗಡಿಬಿಡಿಯಲ್ಲಿ ಪಾಲುದಾರರಿಬ್ಬರು ತಮ್ಮ ನಡುವೆಯೇ ಏನೂ ಬರೆದುಕೊಂಡಿರಲಿಲ್ಲ. ಹಣ ಹಾಕಿ ಮಾಡಿಸಿದವರಿಗೆ ಚಿತ್ರದ ಮೊದಲ ಒಡೆತನ ಎಂದು ಕಲಂ 17 ಹೇಳುತ್ತದೆ. ಇಲ್ಲಿ ಹಣ ಮೇಷ್ಟ್ರದು, ಕ್ಯಾಮರಾ ಸ್ಟುಡಿಯೊದ್ದು. ಪಾಠದ ಬರಹ ಮೇಷ್ಟ್ರದು, ಅದು ಪ್ರತ್ಯೇಕ ಸಾಹಿತ್ಯ ಕೃತಿ. ಅರ್ಧರ್ಧ ಎಂಬ ಬಾಯಿಮಾತನ್ನು ಪಾಲುದಾರಿಕೆ ಪತ್ರಕ್ಕೆ ತಂದರು. ಹುಬ್ಬಳ್ಳಿಯ ಎಡಿಟರ್, ಗ್ರಾಫಿಕ್ಸ್ ಮಾಡಿದ ಹುಡುಗಿ, ಡ್ರೋನಿನವರು: ಮೂವರಿಂದಲೂ ಹಕ್ಕು ವರ್ಗಾವಣೆ ಪತ್ರ ತೆಗೆದುಕೊಂಡರು. ಇಷ್ಟಾದ ಮೇಲೆ ಚಿತ್ರದ ಹಕ್ಕುಸ್ವಾಮ್ಯ ನೋಂದಣಿಗೆ ನಮೂನೆ 14ರಲ್ಲಿ 5,000 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರು. ಕಡ್ಡಾಯವಲ್ಲ, ಆದರೆ ನಾಳೆ ಟೆಲಿಗ್ರಾಂನಲ್ಲಿ ಕಳ್ಳಪ್ರತಿ ಹರಿದಾಡಿದಾಗ ದೂರು ಕೊಡಲು ಕೈಯಲ್ಲೊಂದು ಸರ್ಕಾರಿ ಕಾಗದ ಇರುತ್ತದೆ. ಸೆನ್ಸಾರ್ ಪ್ರಮಾಣಪತ್ರ ಚಿತ್ರಮಂದಿರದ ಪ್ರದರ್ಶನಕ್ಕೆ. ಆ್ಯಪಿನ ಪಾಠಕ್ಕೆ ಬೇಡ.

ಲಾಜವಾರ

ಒಂದು ವಿಷಯಕ್ಕೆ ಕಲಂ ಸಿಗಲಿಲ್ಲ. ಬೊಂಬೆಯ ಒಡವೆ, ಕಿರೀಟಗಳಿಗೆ ಬಂಗಾರದ ಹೊಳಪು ತರುವ ತವರದ ಹಾಳೆಯ ಕೆಲಸಕ್ಕೆ ಲಾಜವಾರ ಎನ್ನುತ್ತಾರೆ. 14ನೇ ಪಾಠದಲ್ಲಿ ಹಿರಿಯರು ಅದನ್ನು ಪೂರ್ತಿ ತೋರಿಸಿದ್ದರು. ಮನೆಯವರು ಅದೊಂದು ಬೇಡವೆಂದರು. ವಿಧಾನದ ಮೇಲೆ ಹಕ್ಕುಸ್ವಾಮ್ಯ ಇರುವುದಿಲ್ಲ. ಹಕ್ಕಿರುವುದು ಅದನ್ನು ತೋರಿಸಿದ ಪ್ರದರ್ಶನದ ಮೇಲೆ. ಲಿಖಿತ ಒಪ್ಪಿಗೆ ಇಲ್ಲದ್ದರಿಂದ ಆ ಪ್ರದರ್ಶನವನ್ನು ಮನೆಯವರು ತಡೆಯಬಹುದಿತ್ತು, ತಡೆದರು. ಹೊಸ ಕರಾರಿನಲ್ಲಿ 'ತೋರಿಸಬಾರದ್ದು' ಎಂಬ ಪ್ರತ್ಯೇಕ ಪಟ್ಟಿಯೇ ಬಂತು. ನಮ್ಮನ್ನು ಕೇಳಿದರೆ ಈ ಪಟ್ಟಿ ಮೊದಲ ಭೇಟಿಯಲ್ಲೇ, ಕ್ಯಾಮರಾ ಚೀಲ ಬಿಚ್ಚುವ ಮೊದಲೇ ಆಗಬೇಕು. ತೆಗೆದ ಮೇಲೆ ಬೇಡ ಅನ್ನುವುದು ಇಬ್ಬರಿಗೂ ಮುಜುಗರ.

ಕೋರ್ಸು 15 ಪಾಠಗಳೊಂದಿಗೆ ಮತ್ತೆ ಮಾರಾಟಕ್ಕೆ ಬಂತು. ಮಾರಾಟ ಪುಟದಲ್ಲಿ '16 ಪಾಠ' ಎಂಬುದನ್ನು ತಿದ್ದಿದರು. ಮೊದಲು ಕೊಂಡವರಿಗೆ ಸಂದೇಶ ಕಳಿಸಿ, ಬೇಕೆಂದವರಿಗೆ ಹಣ ಹಿಂದಿರುಗಿಸಿದರು. 14ನೇ ಪಾಠದ ಮೂಲ ಫೈಲುಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಯವರಿಗೆ ಹೋಯಿತು. ಉಳಿದದ್ದನ್ನು 30 ದಿನದೊಳಗೆ ಅಳಿಸಬೇಕೆಂದು ಕರಾರು. ಸ್ಟುಡಿಯೊದ ಹಾರ್ಡ್‌ಡಿಸ್ಕಿನಿಂದ ಅಳಿಸಿದ್ದು ಮೊದಲ ದಿನವೇ ಆಯಿತು. ಎಡಿಟರ್ ತನ್ನ ಗೂಗಲ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದ ಪ್ರತಿ ಸಿಕ್ಕಿದ್ದು ಮೂರನೆಯ ವಾರದಲ್ಲಿ, ಅದೂ ಹುಡುಕಿ ಕೇಳಿದ ಮೇಲೆ.